ಕೆಂಪಿಯ ತೇಗು

ಬೆಳಗ್ಗೆ ಆರೂವರೆ. ಡೇರಿ ಮುಂದೆ ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದೆವು. ಸೀನ ಮೊಬೈಲ್ ನೋಡುತ್ತಲೇ ಬಂದ.

"ಹಸು ಬಿಡೋ ಹೂಸಿಂದ ಭೂಮಿ ಬಿಸಿಯಾಗ್ತಿದೆಯಂತೆ ಕಣ್ರೋ!"

"ದಿಕ್ಕು ತಪ್ಪಿದೀಯ," ಅಂದರು ರಿಟೈರ್ಡ್ ಮೇಷ್ಟ್ರು. "ಹಿಂದಿನಿಂದಲ್ಲಯ್ಯಾ, ಮುಂದಿನಿಂದ. ಹೊಟ್ಟೆಯಲ್ಲಿ ಹುಟ್ಟೋ, ಭೂಮಿ ಬಿಸಿ ಮಾಡೋ ಮೀಥೇನ್ ಗ್ಯಾಸು 100ಕ್ಕೆ 90ರಷ್ಟಾದರೂ ತೇಗಲ್ಲೇ ಹೋಗೋದು."

ಇದ್ದರೂ ಇರಬಹುದು. ನಮ್ಮ ಕೆಂಪಿ ಮೆಲುಕು ಹಾಕುವುದನ್ನು ನಾನು ದಿನಾ ನೋಡುತ್ತೇನೆ. ಗಂಟಲಲ್ಲಿ ಒಂದು ಉಂಡೆ ಮೇಲೇರುತ್ತದೆ. ನಲವತ್ತೈವತ್ತು ಸಲ ಅಗಿದು ನುಂಗುತ್ತಾಳೆ. ಒಂದು ಗಳಿಗೆ ಸುಮ್ಮನಿರುತ್ತಾಳೆ. ಆಮೇಲೆ ಮುಖಕ್ಕೇ ಹುಳಿಹುಲ್ಲಿನ ವಾಸನೆ!

"ದಿನಕ್ಕೆ ಎಷ್ಟು ಬಿಡ್ತಾಳೆ ಮೇಷ್ಟ್ರೇ?"

"ನೂರು ಲೀಟರಿಗೂ ಜಾಸ್ತಿ."

"ಕೊಡೋ ಹಾಲು ಆರು ಲೀಟರು!" ಸೀನ ಬಾಯಿ ಬಿಟ್ಟ. "ಡೇರಿಯವರು ಅದನ್ನಾದರೂ ಅಳತೆ ಮಾಡಿ ದುಡ್ಡು ಕೊಡಬಾರದಾ?"

ಮೇಷ್ಟ್ರಿಗೆ ಪಾಠದ ಹುಮ್ಮಸ್ಸು ಬಂತು. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸುತ್ತವಂತೆ. ಆಗ ಹೊರಡುವ ಹೈಡ್ರೋಜನ್ನನ್ನು ಬೇರೊಂದು ಜಾತಿಯವು ಮೀಥೇನ್ ಮಾಡುತ್ತವಂತೆ. ಬರೀ ಒಣ ರಾಗಿಹುಲ್ಲು ಹಾಕಿದರೆ ಒಂದು ಲೀಟರ್ ಹಾಲಿನ ಲೆಕ್ಕಕ್ಕೆ ಗ್ಯಾಸು ಜಾಸ್ತಿ. ಜೊತೆಗೆ ಕುದುರೆಮೆಂತ್ಯ, ಹಿಂಡಿ ಕೊಟ್ಟರೆ ಕಡಿಮೆ.

"ಹಾಲು ಬತ್ತಿದ ಹಸು?"

"ಅದೂ ತಿನ್ನುತ್ತೆ, ತೇಗುತ್ತೆ. ಲೆಕ್ಕದಲ್ಲಿ ಲೀಟರು ಮಾತ್ರ ಸೊನ್ನೆ. 2019ರ ಗಣತಿಯಲ್ಲಿ ನಮ್ಮ ದೇಶದಲ್ಲಿ 19 ಕೋಟಿ ದನ, ಸುಮಾರು 11 ಕೋಟಿ ಎಮ್ಮೆ ಇದ್ದವು."

ಯಾರೂ ಮಾತಾಡಲಿಲ್ಲ. ಅಷ್ಟು ತೇಗನ್ನು ಒಟ್ಟಿಗೆ ನೆನೆಸಿಕೊಳ್ಳುವುದು ಸುಲಭವಲ್ಲ.

"ನ್ಯೂಜಿಲೆಂಡಿನಲ್ಲಿ 2022ರಲ್ಲಿ ತೇಗಿಗೇ ತೆರಿಗೆ ಹಾಕೋಕೆ ಹೊರಟಿದ್ದರು. ರೈತರು ರಸ್ತೆಗೆ ಟ್ರ್ಯಾಕ್ಟರ್ ಇಳಿಸಿದರು. 2024ರಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೇ ದನದ ಮೇವಿನ ಸಂಶೋಧನೆ ಮಾಡೋರು ಮೇವಿಗೆ ಬೆರೆಸೋಕೆ 'ಹರಿತ್ ಧಾರಾ' ಅಂತ ತಂದಿದ್ದಾರೆ. ತೇಗು ಕಡಿಮೆಯಾಗುತ್ತೆ."

"ತೇಗು ಕಡಿಮೆಯಾದರೆ ನಮಗೇನು ಲಾಭ?"

"ಅಯ್ಯೋ, ತಿಂದ ಮೇವಿನ ಶಕ್ತಿಯಲ್ಲಿ 100ಕ್ಕೆ ಸುಮಾರು 6 ಪಾಲು ಗ್ಯಾಸಾಗಿ ಹಾರಿಹೋಗುತ್ತೆ ಕಣೋ. ಅದು ನಿನ್ನ ಹಿಂಡಿ ದುಡ್ಡು!"

ಹಿಂಡಿ ಅಂದ ತಕ್ಷಣ ನನ್ನ ಎದೆ ಝಲ್ಲೆಂದಿತು. ಚೀಲದ ರೇಟು ಕೇಳಿ, ಎರಡು ದಿನದಿಂದ ಕೆಂಪಿಗೆ ಬರೀ ಹುಲ್ಲು ಹಾಕಿದ್ದೆ. ಅಷ್ಟರಲ್ಲಿ ನನ್ನ ಸರದಿ ಬಂತು. ಸೆಕ್ರೆಟರಿ ಕ್ಯಾನು ಅಳೆದು ಹುಬ್ಬೇರಿಸಿದರು.

"ಏನಣ್ಣಾ, ಒಂದು ಲೀಟರ್ ಕಡಿಮೆ?"

"ಗೊತ್ತಿಲ್ಲ ಸ್ವಾಮಿ," ಅಂದೆ. "ತೇಗಲ್ಲಿ ಹೋಗಿರಬೇಕು."