ಗೃಹಪ್ರವೇಶದ ಕಾರ್ಡ್: ಬಂಗಾರದ ಉಬ್ಬು ಅಕ್ಷರವೂ ಕೆಡುತ್ತಿದೆ, ರಂಗೋಲಿ ಎಂಬಾಸಿಂಗೂ ಬಿರಿಯುತ್ತಿದೆ

ಬಣ್ಣದಕಾಗದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗೃಹಪ್ರವೇಶಕ್ಕೆ 60 ಕಾರ್ಡ್ ಕೈಯಲ್ಲೇ ತಯಾರಾಗಬೇಕು. ಕಡು ಮೆರೂನ್ ಕಾರ್ಡ್‌ಶೀಟ್, 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ), ಮಡಚಿದ ಮೇಲೆ 5×7 ಇಂಚು. ಮೇಲರ್ಧಕ್ಕೆ ಎಂಬಾಸಿಂಗ್ ಫೋಲ್ಡರ್ (ನಡುವೆ ಕಾಗದವಿಟ್ಟು ಒತ್ತಿದರೆ ವಿನ್ಯಾಸ ಉಬ್ಬಿಸುವ ಪ್ಲಾಸ್ಟಿಕ್ ಅಚ್ಚು) ಹಾಕಿ ಕೈಮೆಷಿನ್‌ನಲ್ಲಿ ಚುಕ್ಕಿ ರಂಗೋಲಿ ಉಬ್ಬಿಸುವುದು, ಕೆಳಗೆ ‘ಗೃಹಪ್ರವೇಶ’ ಎಂದು ಪಾಲಿಮರ್ ಸ್ಟ್ಯಾಂಪ್ ಒತ್ತಿ ಗೋಲ್ಡ್ ಪೌಡರ್ (ಬಿಸಿಗೆ ಕರಗಿ ಉಬ್ಬುವ ಬಂಗಾರ ಬಣ್ಣದ ರಾಳದ ಪುಡಿ) ಉದುರಿಸಿ ಕರಗಿಸುವುದು. ಊರು ಉಡುಪಿ, ಮಳೆ ಇನ್ನೂ ಬಿಟ್ಟಿಲ್ಲ.

ಮಾಡಿದ ಮಾದರಿಗಳಲ್ಲಿ ಕಂಡ ತೊಂದರೆಗಳು ಇವು. ಅಕ್ಷರದ ಸುತ್ತಲೂ ಬಂಗಾರದ ಪುಡಿ ಚುಕ್ಕೆ ಚುಕ್ಕೆಯಾಗಿ ಅಂಟಿಕೊಳ್ಳುತ್ತದೆ. ‘ಪ್ರ’ದ ಹೊಟ್ಟೆ ತುಂಬಿಹೋಗಿ ಕೆಳಗಿನ ಒತ್ತು ಒಂದು ಗುಳ್ಳೆಯ ಹಾಗೆ ಕಾಣುತ್ತದೆ. ಕೆಲವು ಅಕ್ಷರ ಮರಳಿನಂತೆ ತರಿತರಿ, ಪಕ್ಕದ್ದೇ ಮಂಕಾಗಿ ಕಾಗದದೊಳಕ್ಕೆ ಇಳಿದಿದೆ. ಬಿಸಿ ಕೊಟ್ಟಮೇಲೆ ಕಾರ್ಡ್ ಹಪ್ಪಳದಂತೆ ಬಾಗುತ್ತದೆ. ಇನ್ನು ರಂಗೋಲಿಯ ಗೆರೆಗಳ ಅಂಚಿನಲ್ಲಿ ಕಾಗದ ಬಿರಿದು ಬಿಳಿ ಕಾಣಿಸುತ್ತದೆ. ಯಾವುದನ್ನು ಮೊದಲು ಮಾಡಬೇಕು ಎನ್ನುವುದೂ ಗೊತ್ತಾಗುತ್ತಿಲ್ಲ.

ಉಬ್ಬುಚಿತ್ತಾರ

ಪೌಡರ್ ಅಂಟುವುದು ಮತ್ತು ಕಾರ್ಡ್ ಬಾಗುವುದು, ಎರಡಕ್ಕೂ ಕಾರಣ ಕಾಗದದಲ್ಲಿರುವ ತೇವ. ಮಳೆಗಾಲದ ಕರಾವಳಿಯಲ್ಲಿ ಕಾರ್ಡ್‌ಶೀಟ್ ಕೈಗೆ ಒಣಗಿದ್ದಂತೆ ಅನ್ನಿಸಿದರೂ ಒಳಗೆ ನೀರು ಹೀರಿಕೊಂಡಿರುತ್ತದೆ. ಪುಡಿ ಅದಕ್ಕೆ ಹಿಡಿಯುತ್ತದೆ. ಬಿಸಿ ತಗುಲಿದ ಮುಖ ಬೇಗ ಒಣಗಿ ಕುಗ್ಗುತ್ತದೆ, ಹಿಂಬದಿ ಅಷ್ಟು ಕುಗ್ಗುವುದಿಲ್ಲ, ಆದ್ದರಿಂದ ಬಾಗುತ್ತದೆ.

ಹಾಗಾಗಿ ಸ್ಟ್ಯಾಂಪ್ ಒತ್ತುವ ಮೊದಲೇ ಒಣಗಿಸಿ. ಹೀಟ್ ಗನ್ನನ್ನು (ಬಿಸಿಗಾಳಿ ಊದುವ ಉಪಕರಣ) ಸುಮಾರು 10 ಸೆ.ಮೀ ಎತ್ತರದಲ್ಲಿ ಆಡಿಸುತ್ತಾ ಎರಡೂ ಮುಖಕ್ಕೆ 10–15 ಸೆಕೆಂಡ್ ಬಿಸಿ ಕೊಡಿ, ಮೇಲೆ ದಪ್ಪ ಪುಸ್ತಕವಿಟ್ಟು ಒಂದು ನಿಮಿಷ ಆರಲು ಬಿಡಿ. ಒಂದು ಸಲಕ್ಕೆ ಐದಾರು ಮಾತ್ರ. ಮಿಕ್ಕವು ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಲಿ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಎರಡು ಚಮಚ ಕಾರ್ನ್‌ಫ್ಲೋರ್ ಗಂಟು ಕಟ್ಟಿ, ಸ್ಟ್ಯಾಂಪ್ ಬೀಳುವ ಜಾಗಕ್ಕೆ ಒಮ್ಮೆ ಹಗುರಾಗಿ ತಟ್ಟಿ. ಬೆರಳಿನ ಎಣ್ಣೆ ಇದ್ದಲ್ಲೂ ಪುಡಿ ಹಿಡಿಯುತ್ತದೆ, ಕಾರ್ಡನ್ನು ಅಂಚಿನಲ್ಲೇ ಹಿಡಿಯಿರಿ.

ಇಂಕ್ ಯಾವುದೆಂದು ನೀವು ಬರೆದಿಲ್ಲ. ನಿಧಾನವಾಗಿ ಒಣಗುವ ಎಂಬಾಸಿಂಗ್ ಇಂಕ್ ಅಥವಾ ಪಿಗ್ಮೆಂಟ್ ಇಂಕ್ ಆಗಿರಬೇಕು. ಡೈ ಇಂಕನ್ನು ಕಾಗದ ಕ್ಷಣದಲ್ಲೇ ಹೀರಿಕೊಳ್ಳುತ್ತದೆ, ಪುಡಿ ಹಿಡಿಯಲು ಹಸಿ ಉಳಿಯುವುದೇ ಇಲ್ಲ.

‘ಪ್ರ’ ತುಂಬಿಕೊಳ್ಳುವುದಕ್ಕೆ ಎರಡು ಕಾರಣ. ಮೊದಲನೆಯದು ಇಂಕ್ ಹೆಚ್ಚಾಗಿರುವುದು. ಸ್ಟ್ಯಾಂಪನ್ನು ಪ್ಯಾಡಿಗೆ ಅದುಮಬೇಡಿ. ಸ್ಟ್ಯಾಂಪನ್ನು ಮೇಲ್ಮುಖವಾಗಿಟ್ಟು ಪ್ಯಾಡನ್ನು ಅದರ ಮೇಲೆ ಮೂರು ನಾಲ್ಕು ಸಲ ಮುಟ್ಟಿಸಿದರೆ ಸಾಕು. ಹೊಸ ಪಾಲಿಮರ್ ಸ್ಟ್ಯಾಂಪ್ ಜಾರುತ್ತದೆ, ಇಂಕ್ ಹನಿಹನಿಯಾಗಿ ನಿಲ್ಲುತ್ತದೆ. ಮೆತ್ತನೆಯ ರಬ್ಬರಿನಿಂದ ಒಮ್ಮೆ ಉಜ್ಜಿ ಒರೆಸಿಕೊಳ್ಳಿ. ಎರಡನೆಯದು ಪುಡಿಯ ಕಾಳಿನ ಗಾತ್ರ. ಕನ್ನಡದ ಸುತ್ತು, ಒತ್ತು, ವಟ್ರಸುಳಿಗೆ ಸಾಧಾರಣ ಪೌಡರ್ ದಪ್ಪವಾಗುತ್ತದೆ. ‘ಸೂಪರ್‌ಫೈನ್’ ಅಥವಾ ‘ಡೀಟೇಲ್’ ಎಂದು ಬರೆದಿರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ‘ಪ’ಕ್ಕೂ ‘ಷ’ಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ, ಆಹ್ವಾನ ಪತ್ರಿಕೆಯಲ್ಲಿ ಅದು ಸಣ್ಣ ತಪ್ಪಲ್ಲ. ಒತ್ತಕ್ಷರ 2 ಮಿ.ಮೀ.ಗಿಂತ ಚಿಕ್ಕದಾಗಿದ್ದರೆ ಸೂಪರ್‌ಫೈನ್ ಕೂಡ ಕಾಪಾಡಲಾರದು, ದೊಡ್ಡ ಸ್ಟ್ಯಾಂಪ್ ಮಾಡಿಸುವುದೇ ದಾರಿ. ಪುಡಿ ಸುರಿದ ಮೇಲೆ ಕಾರ್ಡ್ ಓರೆಯಾಗಿ ಹಿಡಿದು ಹಿಂದಿನಿಂದ ಉಗುರಲ್ಲಿ ಚಿಮ್ಮಿ. ಹೊಟ್ಟೆಯೊಳಗೆ ಉಳಿದದ್ದನ್ನು ಒಣಗಿದ, ತೀರಾ ಸಣ್ಣ ಸೊನ್ನೆ ನಂಬರ್ ಬ್ರಷ್‌ನಿಂದ ತೆಗೆಯಿರಿ. ಕರಗಿದ ಮೇಲೆ ಏನೂ ಮಾಡಲಾಗದು.

ತರಿತರಿ ಎಂದರೆ ಬಿಸಿ ಸಾಲದು. ಮಂಕಾಗಿ ಇಳಿದಿದ್ದರೆ ಬಿಸಿ ಮಿತಿಮೀರಿ ಕರಗಿದ ರಾಳವನ್ನು ಕಾಗದ ಕುಡಿದಿದೆ. ಗನ್ನನ್ನು ಕಾರ್ಡಿನಿಂದ ದೂರ ತಿರುಗಿಸಿ 15–20 ಸೆಕೆಂಡ್ ಓಡಿಸಿ, ಪೂರ್ತಿ ಕಾದಮೇಲೆ 3–5 ಸೆ.ಮೀ ಹತ್ತಿರ ತನ್ನಿ. ತಣ್ಣನೆಯ ಗಾಳಿಯಿಂದ ಶುರುಮಾಡಿದರೆ ಮೊದಲ ಅಕ್ಷರದ ಪುಡಿ ಹಾರಿಹೋಗುತ್ತದೆ. ‘ಗೃ’ ಮಿಂಚಿದ ಕೂಡಲೇ ‘ಹ’ಕ್ಕೆ ಸರಿಯಿರಿ, ಅಲ್ಲಿಂದ ‘ಪ್ರ’ಕ್ಕೆ. ಇಡೀ ಪದಕ್ಕೆ ಒಟ್ಟಿಗೆ ಬಿಸಿ ಕೊಡುತ್ತಾ ಕೂತರೆ ಈಗ ಆಗಿರುವಂತೆಯೇ ಆಗುತ್ತದೆ. ತರಿಯಾದದ್ದಕ್ಕೆ ಮತ್ತೆ ಬಿಸಿ ಕೊಟ್ಟು ಸರಿಪಡಿಸಬಹುದು, ಇಳಿದುಹೋದದ್ದನ್ನು ಆಗದು.

ಹಲಗೆಮಸಿ

ಮೇಲಿನದೆಲ್ಲ ಸರಿ. ಆದರೆ ರಂಗೋಲಿಯ ವಿಷಯಕ್ಕೆ ಬಂದರೆ ಲೆಕ್ಕ ಪೂರಾ ಉಲ್ಟಾ. ಪೌಡರ್‌ಗೆ ಕಾಗದ ಒಣಗಿರಬೇಕು, ಫೋಲ್ಡರ್‌ಗೆ ತುಸು ಹಸಿಯಾಗಿರಬೇಕು. ಎರಡನ್ನೂ ಒಂದೇ ಹಾಳೆಯ ಮೇಲೆ ಹೊಂದಿಸಲು ಹೋದದ್ದರಿಂದಲೇ ಎರಡೂ ಕೆಡುತ್ತಿವೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಒಂದು ಮೂಲೆ ಹರಿದು ನೋಡಿ. ಒಳಗೆ ಬಿಳಿ ಇದ್ದರೆ ಬಣ್ಣ ಮೇಲಿನ ಪದರಕ್ಕೆ ಮಾತ್ರ, ಎಲ್ಲಿ ಬಿರಿದರೂ ಬಿಳಿ ಕಾಣುತ್ತದೆ. ಒಳಗೂ ಮೆರೂನ್ ಇರುವ ಹಾಳೆ ಕೇಳಿ ತನ್ನಿ. ಅದು ಬಿರಿದರೂ ಕಣ್ಣಿಗೆ ಬೀಳುವುದಿಲ್ಲ. ಹತ್ತಿ ಚಿಂದಿಯಿಂದ ಮಾಡಿದ ಹ್ಯಾಂಡ್‌ಮೇಡ್ ಪೇಪರ್ ಇನ್ನೂ ಒಳ್ಳೆಯದು. ಅದರ ನಾರು ಉದ್ದ, ಆಳವಾದ ಉಬ್ಬನ್ನೂ ತಡೆದುಕೊಳ್ಳುತ್ತದೆ. ಆದರೆ ಮೈ ಒರಟಾದ್ದರಿಂದ ಸ್ಟ್ಯಾಂಪ್ ಚೆನ್ನಾಗಿ ಮೂಡದು.

ಹಸಿ ಮಾಡುವ ಬಗೆ: ಸ್ಪ್ರೇ ಬಾಟಲಿಯಿಂದ ಒಂದಡಿ ದೂರ ನಿಂತು ಹಿಂಬದಿಗೆ ಒಂದೇ ಸಲ ನೀರಿನ ಮಂಜು ಹೊಡೆಯಿರಿ. ಮೈ ಮೇಲಿನ ನೀರಿನ ಹೊಳಪು ಆರುವ ತನಕ, ಅಂದರೆ ಅರ್ಧ ನಿಮಿಷ, ಕಾಯಿರಿ. ಹನಿ ನಿಂತರೆ ಮೆರೂನ್ ಬಣ್ಣ ಬಿಡಬಹುದು. ಫೋಲ್ಡರ್‌ನಲ್ಲಿಟ್ಟು ನಿಧಾನವಾಗಿ ಒಂದು ಸಲ ಹಾಯಿಸಿ. ಉಬ್ಬು ಸಾಲದಿದ್ದರೆ ಫೋಲ್ಡರಿನ ಹೊರಗೆ ಒಂದು ಹಾಳೆ ಕಾರ್ಡ್‌ಶೀಟ್ ಸೇರಿಸಿ ನೋಡಿ, ಹರಿದರೆ ತೆಗೆಯಿರಿ. ಹಿಡಿ ತಿರುಗಿಸಲು ಬಲ ಬೇಕಾದರೆ ಅಲ್ಲೇ ನಿಲ್ಲಿಸಿ, ಫೋಲ್ಡರಿನ ಮೇಲೆ ಕೆಳಗೆ ಇಡುವ ಮೆಷಿನ್ ಪ್ಲೇಟಿನ ಜೋಡಣೆ ತಪ್ಪಿದೆ ಎಂದರ್ಥ. ಒಣಗಿಸುವಾಗ ಮೇಲೆ ಭಾರ ಹೇರಬೇಡಿ, ಜಾಲರಿಯ ಮೇಲೆ ಬಿಡಿ.

ಕ್ರಮದ ಬಗ್ಗೆ: ಪೌಡರ್ ಆದಮೇಲೆ ಫೋಲ್ಡರ್‌ಗೆ ಹಾಕಲೇಬಾರದು, ಬಂಗಾರ ಚಪ್ಪಟೆಯಾಗಿ ಸೀಳುತ್ತದೆ. ಮೊದಲೇ ಉಬ್ಬಿಸಿದರೆ ಆ ಜಾಗದಲ್ಲಿ ಸ್ಟ್ಯಾಂಪ್ ಸಮನಾಗಿ ಕೂರುವುದಿಲ್ಲ. ಅಕ್ಷರಕ್ಕೆ ಬೇರೆ ಪಟ್ಟಿ ಮಾಡಿಕೊಳ್ಳಿ. 1.5×4 ಇಂಚಿನ ನುಣುಪಾದ ಕೆನೆಬಣ್ಣದ ಕಾಗದ, ಅದರ ಮೇಲೆ ಬಂಗಾರ, ಆಮೇಲೆ 1 ಮಿ.ಮೀ ಫೋಮ್ ಟೇಪಿನಿಂದ ಕಾರ್ಡಿಗೆ ಅಂಟಿಸಿ. ಬಿಸಿ ಪಟ್ಟಿಗೆ ಮಾತ್ರ ತಗುಲುವುದರಿಂದ ಕಾರ್ಡ್ ಬಾಗುವ ಪ್ರಶ್ನೆಯೇ ಇಲ್ಲ. ಒಂದು ಅಕ್ಷರ ಕೆಟ್ಟರೆ ಪಟ್ಟಿ ಹೋಗುತ್ತದೆ, ಕಾರ್ಡ್ ಉಳಿಯುತ್ತದೆ. 60ರ ಲೆಕ್ಕದಲ್ಲಿ ಇದು ದೊಡ್ಡ ಉಳಿತಾಯ.

ಸೂಜಿನೂಲು

ಒಂದು ಸೇರ್ಪಡೆ. ಕಾರ್ನ್‌ಫ್ಲೋರ್ ಜಾಸ್ತಿಯಾದರೆ ಕಡು ಬಣ್ಣದ ಕಾಗದ ಬೆಳ್ಳಗಾಗುತ್ತದೆ, ಬಂಗಾರವೂ ಮಾಸುತ್ತದೆ. ಕರಗಿಸಿ ಆರಿದ ಮೇಲೆ ಮೆತ್ತನೆ ಬ್ರಷ್‌ನಿಂದ ಒರೆಸಿಬಿಡಿ.

ಫೋಲ್ಡರಿನ ವಿನ್ಯಾಸ ಬೇಡ, ಮನೆಯ ಮುಂದೆ ಹಾಕುವ ರಂಗೋಲಿಯೇ ಬೇಕು ಎನ್ನುವವರಿಗೆ ಮೆಷಿನ್ ಬೇಕಾಗಿಯೂ ಇಲ್ಲ. ಕಾಗದ ಮಗುಚಿ 3 ಮಿ.ಮೀ ಫೋಮ್ ಶೀಟ್ ಮೇಲಿಟ್ಟು, ಗುಂಡು ತುದಿಯ ಎಂಬಾಸಿಂಗ್ ಕಡ್ಡಿಯಿಂದ ಹಿಂಬದಿಯಲ್ಲಿ ಒತ್ತುವುದು. ಚುಕ್ಕಿಗೆ 3–4 ಮಿ.ಮೀ ಗುಂಡು, ಎಳೆಗೆ 1.5 ಮಿ.ಮೀ. ಎಳೆಯನ್ನು ಒಂದೇ ಸಲ ಜೋರಾಗಿ ಎಳೆದರೆ ಕಾಗದ ಹರಿಯುತ್ತದೆ, ಹಗುರಾಗಿ ಮೂರು ನಾಲ್ಕು ಸಲ ಎಳೆಯಬೇಕು. ಮೊದಲು ಮೇಣದ ಕಾಗದದಿಂದ ಒಮ್ಮೆ ಉಜ್ಜಿದರೆ ಕಡ್ಡಿ ತಡೆಯಿಲ್ಲದೆ ಜಾರುತ್ತದೆ. ಇದಕ್ಕೆ 180–220 ಜಿಎಸ್‌ಎಂ ಸಾಕು. ಹಿಂಬದಿಯಿಂದ ಒತ್ತುವುದರಿಂದ ಮುಂದೆ ಎಡಬಲ ಅದಲುಬದಲಾಗುತ್ತದೆ. ಎರಡೂ ಕಡೆ ಒಂದೇ ಥರ ಇರುವ ರಂಗೋಲಿಗೆ ತೊಂದರೆಯಿಲ್ಲ, ಅಕ್ಷರವಿದ್ದರೆ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಬರೆದುಕೊಳ್ಳಬೇಕು.

ಬಣ್ಣದಕಾಗದ

ತುಂಬಾ ಧನ್ಯವಾದ. ಹರಿದು ನೋಡಿದೆ, ಒಳಗೆ ಬಿಳಿಯೇ. ಹಾಳೆ ಬದಲಿಸಿ, ಅಕ್ಷರಕ್ಕೆ ಬೇರೆ ಪಟ್ಟಿ ಮಾಡುತ್ತೇನೆ. ಇನ್ನೆರಡು ಪ್ರಶ್ನೆ. ಇರುವ ಹೀಟ್ ಗನ್ ಕ್ರಾಫ್ಟಿನದಲ್ಲ, ಎಲೆಕ್ಟ್ರಿಷಿಯನ್‌ಗಳು ಬಳಸುವಂಥದ್ದು. ನಡೆಯುತ್ತದೆಯೇ? ಮತ್ತೆ, ಕಾರ್ಡ್ ಕೊಡುವಾಗ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚುವುದಿದೆ. ಉಬ್ಬಿದ ಜಾಗದಲ್ಲಿ ಹರಡುವುದಿಲ್ಲವೇ?

ಉಬ್ಬುಚಿತ್ತಾರ

ನಡೆಯುತ್ತದೆ, ಆದರೆ ಅತಿ ಕಡಿಮೆ ಸೆಟ್ಟಿಂಗ್‌ನಲ್ಲೇ ಇಡಿ. ಅದರ ಗಾಳಿಯೂ ಬಿಸಿಯೂ ಕ್ರಾಫ್ಟ್ ಗನ್ನಿಗಿಂತ ಬಹಳ ಜೋರು. ಪಟ್ಟಿಯನ್ನು ಮರದ ಬಟ್ಟೆ ಕ್ಲಿಪ್‌ನಲ್ಲಿ ಹಿಡಿದು, ಮೊದಲು ಹಿಂಬದಿಯಿಂದ 12–15 ಸೆ.ಮೀ ದೂರದಲ್ಲಿ ಬಿಸಿ ಕೊಡಿ. ಪುಡಿ ಕರಗಲು ತೊಡಗಿ ಕಾಗದಕ್ಕೆ ಕಚ್ಚಿಕೊಂಡ ಮೇಲೆ ಗಾಳಿಗೆ ಹಾರದು. ಉಳಿದದ್ದನ್ನು ಮೇಲಿನಿಂದ ಮುಗಿಸಬಹುದು. ಕೂದಲು ಒಣಗಿಸುವ ಡ್ರೈಯರ್ ಮಾತ್ರ ಬೇಡ, ಪುಡಿ ಹಾರುತ್ತದೆ, ಕರಗುವಷ್ಟು ಬಿಸಿ ಬರುವುದಿಲ್ಲ. ಗ್ಯಾಸ್ ಒಲೆಯ ಉರಿಯ ಮೇಲೆ ಹಿಡಿಯುವುದೂ ಬೇಡ, ಕಾಗದ ಹೊತ್ತಿಕೊಳ್ಳುತ್ತದೆ.

ಅರಿಶಿನ ಖಂಡಿತ ಹರಡುತ್ತದೆ. ನೀರಾಗಿ ಕಲಸಿದ್ದು ಉಬ್ಬಿನ ಪಕ್ಕದ ತಗ್ಗಿನಲ್ಲೇ ಹರಿದು ರಂಗೋಲಿಯ ಎಳೆಯುದ್ದಕ್ಕೂ ಹೋಗುತ್ತದೆ. ಮೂಲೆಗಳಲ್ಲಿ ಮುಕ್ಕಾಲು ಇಂಚು ಚಪ್ಪಟೆಯಾಗಿಯೇ ಉಳಿಯುವ ಹಾಗೆ ವಿನ್ಯಾಸ ಹೊಂದಿಸಿಕೊಳ್ಳಿ. ಉದಾಹರಣೆಗೆ, ರಂಗೋಲಿಯನ್ನು ಚಿಕ್ಕ ಹಾಳೆಯಲ್ಲಿ ಉಬ್ಬಿಸಿ ಕಾರ್ಡಿನ ನಡುವೆ ಅಂಟಿಸಬಹುದು. ಅರಿಶಿನವನ್ನು ಗಟ್ಟಿಯಾಗಿ ಕಲಸಿ ಬೆರಳ ತುದಿಯಲ್ಲಿ ಒತ್ತಿ.

ಹಲಗೆಮಸಿ

ಹಾಗೆ ಅಂಟಿಸುವಾಗ ಫೆವಿಕಾಲ್ ಬಳಿಯಬೇಡಿ. ಅದರ ನೀರಿಗೆ ಉಬ್ಬು ಮೆತ್ತಗಾಗಿ ಇಳಿಯುತ್ತದೆ. ಅಂಚಿಗಷ್ಟೇ ಎರಡು ಬದಿ ಅಂಟಿನ ಟೇಪ್ ಹಾಕಿ.

60ಕ್ಕೆ 70 ಪಟ್ಟಿ ಕತ್ತರಿಸಿಟ್ಟುಕೊಳ್ಳಿ. ಪೌಡರ್ ಒಂದು ಸಣ್ಣ ಡಬ್ಬಿ ಸಾಕು, ಉದುರಿದ್ದೆಲ್ಲ ಮತ್ತೆ ಡಬ್ಬಿಗೇ ಹೋಗುತ್ತದಲ್ಲ. ವಾಪಸು ಸುರಿಯುವಾಗ ಒಣ ಟೀ ಜಾಲರಿಯಲ್ಲಿ ಸೋಸಿ. ಕಾಗದದ ನಾರು ಒಂದೆಳೆ ಬಿದ್ದರೂ ಮುಂದಿನ ಅಕ್ಷರದ ಮೇಲೆ ಕೂದಲಿನಂತೆ ಕಾಣುತ್ತದೆ. ಮುಗಿದ ಕಾರ್ಡ್‌ಗಳ ನಡುವೆ ಬಟರ್ ಪೇಪರ್ ಇಟ್ಟು, ಚಪ್ಪಲಿ ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸದೆ ಸಾಲಾಗಿ ನಿಲ್ಲಿಸಿಡಿ.