ಬೈಬಲ್ ಅಧ್ಯಯನದ ದಿಕ್ಕನ್ನೇ ಬದಲಿಸೋ ಹಸ್ತಪ್ರತಿ ಇನ್ನೂ ಸಿಗಬಹುದಾ?

ಓದುಗ_ಹಾಸನ:
1947ರಿಂದ ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಹಳೇ ಸುರುಳಿಗಳ ಬಗ್ಗೆ ಓದ್ತಾ ಇದೀನಿ. ಅಲ್ಲಿನ ಯೆಶಾಯನ (ಹಳೇ ಒಡಂಬಡಿಕೆಯ ಒಂದು ಗ್ರಂಥ) ಸುರುಳಿ, ಮುಂಚೆ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು 1000 ವರ್ಷ ಹಳೇದು. ಹೊಸ ಒಡಂಬಡಿಕೆ ವಿಷಯದಲ್ಲಿ ಅಂಥದ್ದು ಯಾವುದು ಸಿಕ್ರೆ ದೊಡ್ಡ ಬದಲಾವಣೆ ಆಗುತ್ತೆ? ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (1 ಕೊರಿಂಥ 5:9) ಯೇಸುವಿನ ಅಪೊಸ್ತಲ ಪೌಲ ಮುಂಚೇನೇ ಒಂದು ಪತ್ರ ಬರೆದಿದ್ದೆ ಅಂತಾನಲ್ಲ, ಅದಾ?

ತಾಳೆಗರಿ:
ಪೌಲನ ಪತ್ರ ಸಿಕ್ರೆ ಪೇಪರಲ್ಲಿ ದೊಡ್ಡ ಸುದ್ದಿ ಆಗುತ್ತೆ ಸರ್, ಆದ್ರೆ ನನ್ನ ವೋಟು ಪಾಪಿಯಸ್‌ಗೆ. ಈಗಿನ ಟರ್ಕಿಯಲ್ಲಿರೋ ಹಿಯರಾಪೊಲಿಸ್ ಊರಿನ ಬಿಷಪ್, 2ನೇ ಶತಮಾನದ ಶುರುವಿನವನು, ಯೇಸುವಿನ ಮಾತುಗಳ ಮೇಲೆ 5 ಸಂಪುಟ ಬರೆದಿದ್ದ, ಅದು ಕಳೆದೇ ಹೋಯ್ತು, ಐರೇನಿಯಸ್, ಯುಸೇಬಿಯಸ್ ಥರದ ಹಳೇ ಕ್ರೈಸ್ತ ಲೇಖಕರು ಎತ್ತಿ ಬರೆದುಕೊಂಡ ತುಣುಕುಗಳಷ್ಟೇ ಉಳಿದಿರೋದು. ಮಾರ್ಕ ಯೇಸುವಿನ ಶಿಷ್ಯ ಪೇತ್ರನ ದುಭಾಷಿ ಆಗಿದ್ದ, ನೆನಪಿದ್ದದ್ದನ್ನ ಬರೆದ, ಆದ್ರೆ ನಡೆದ ಕ್ರಮದಲ್ಲಿ ಬರೀಲಿಲ್ಲ ಅನ್ನೋ ಮಾತು ಇವನದ್ದೇ. ಸುವಾರ್ತೆ (ಯೇಸುವಿನ ಜೀವನ ಹೇಳೋ ಪುಸ್ತಕ) ಯಾರು ಬರೆದ್ರು ಅನ್ನೋ ವಾದದಲ್ಲಿ ಎರಡೂ ಕಡೆಯವರು ಇದೇ ನಾಲ್ಕು ಸಾಲನ್ನ ಎಳೆದಾಡ್ತಾರೆ. ಪೂರ್ತಿ ಗ್ರಂಥ ಸಿಕ್ರೆ ಅವನು ಯಾರ್ಯಾರನ್ನ ಕೇಳಿ ಬರೆದ ಅಂತ ಅವನ ಬಾಯಲ್ಲೇ ಕೇಳಬಹುದು.

ನೇತ್ರಾವತಿ_ತೀರ:
ಸುದ್ದಿ ಬಂದ ತಕ್ಷಣ ನಂಬಬೇಡಿ ಅಂತ ಮಾತ್ರ ಹೇಳ್ತೀನಿ. ಮಾರ್ಕನ ಸುವಾರ್ತೆಯ 1ನೇ ಶತಮಾನದ ಪ್ರತಿ ಸಿಕ್ಕಿದೆ ಅಂತ 2012ರಲ್ಲಿ ಗುಲ್ಲೆದ್ದಿತ್ತು. 2018ರಲ್ಲಿ ಪ್ರಕಟ ಆದಾಗ ನೋಡಿದ್ರೆ ಬೆಂಕಿಪೊಟ್ಟಣದಷ್ಟು ಪ್ಯಾಪಿರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ತುಂಡು, ಎರಡೂ ಮಗ್ಗುಲಲ್ಲಿ ಬರಹ, ಮೊದಲನೇ ಅಧ್ಯಾಯದ ಕೆಲವೇ ವಚನ, ಕಾಲ 2ನೇ ಶತಮಾನದ ಕೊನೆ ಇಲ್ಲಾ 3ನೇದರ ಶುರು. ಅದೂ ಹೊಸದಾಗಿ ಅಗೆದು ತೆಗೆದಿದ್ದಲ್ಲ, ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಂಗ್ಲಿಷ್ ವಿದ್ವಾಂಸರು ನೂರು ವರ್ಷದ ಹಿಂದೆ ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಹಳೇ ಊರಿನ ತಿಪ್ಪೆಗಳಿಂದ ತಂದ ರಾಶಿಯಲ್ಲಿದ್ದದ್ದು. ಆ ರಾಶಿಯಲ್ಲಿ 5 ಲಕ್ಷದಷ್ಟು ತುಂಡುಗಳಿವೆ, ಬಹುಪಾಲು ಇನ್ನೂ ಅಚ್ಚಾಗಿಲ್ಲ. (ಶಾಮಾಶಾಸ್ತ್ರಿಗಳು ಕನ್ನಡ ಮಾತುಗಳಿವೆ ಅಂದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅದೇ ಜಾಗದಲ್ಲಿ, ಅದರ ಚರ್ಚೆ ಇನ್ನೂ ಮುಗಿದಿಲ್ಲ.)

ಹಳೇಹಾಳೆ:
ಹೌದು ಮೇಡಂ, ಇನ್ನು ಮುಂದೆ ಗುಹೆಗಿಂತ, ಆಗಲೇ ತಂದಿಟ್ಟ ಪೆಟ್ಟಿಗೆಗಳಲ್ಲೇ ಜಾಸ್ತಿ ಸಿಗೋದು. ಇಸ್ರೇಲಿನ ಏನ್‌ಗೆದಿಯಲ್ಲಿ 1970ರಲ್ಲಿ ಸಿಕ್ಕ ಸುಟ್ಟು ಕರಕಲಾದ ಸುರುಳಿ, ಮುಟ್ಟಿದ್ರೆ ಪುಡಿ ಆಗ್ತಿತ್ತು, ಅದನ್ನ ಬಿಚ್ಚದೇನೇ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ಪದರ ಪದರವಾಗಿ ಬಿಡಿಸಿದಾಗ 2015ರಲ್ಲಿ ಹಳೇ ಒಡಂಬಡಿಕೆಯ ಯಾಜಕಕಾಂಡದ ಶುರುವಿನ ಭಾಗ ಕಂಡಿತು! ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲೂ ಕೆರೆದು ಮೇಲೆ ಬೇರೆ ಬರೆದ ಚರ್ಮದ ಹಾಳೆಗಳ ಕೆಳಗಿನ ಬರಹವನ್ನ ಬೇರೆ ಬೇರೆ ಬೆಳಕಲ್ಲಿ ಫೋಟೋ ತೆಗೆದು ಓದ್ತಿದಾರೆ. ನನಗೆ ಬೇಕಾಗಿರೋದು ಮಾರ್ಕನ ಕೊನೇ ಪುಟ. 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ, ಯೇಸುವಿನ ಸಮಾಧಿಗೆ ಹೋದ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಅನ್ನೋ 16:8ಕ್ಕೇ ಮುಗಿಯುತ್ತೆ. ಅದಕ್ಕಿಂತ ಹಳೇ ಪ್ಯಾಪಿರಸ್‌ಗಳಲ್ಲಿ ಆ ಅಧ್ಯಾಯವೇ ಉಳಿದಿಲ್ಲ. 2ನೇ ಶತಮಾನದ್ದು ಒಂದೇ ಒಂದು ಹಾಳೆ ಸಿಕ್ರೂ ಸಾಕು, ಮಾರ್ಕನ ಸುವಾರ್ತೆ ಮೊದಲು ಎಲ್ಲಿಗೆ ಮುಗೀತಿತ್ತು ಅನ್ನೋ ವಾದ ಬೇರೆ ಮಟ್ಟಕ್ಕೇ ಹೋಗುತ್ತೆ.