2008ರ ‘ರ‍್ಯಾಂಬೋ’ ಚಿತ್ರಕ್ಕೆ ಅಷ್ಟೊಂದು ರಕ್ತಪಾತ ಬೇಕಿತ್ತೇ?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸಿಲ್ವೆಸ್ಟರ್ ಸ್ಟಲೋನ್ ತಾವೇ ನಿರ್ದೇಶಿಸಿ ನಟಿಸಿದ 2008ರ ‘ರ‍್ಯಾಂಬೋ’ ಚಿತ್ರವನ್ನು ಮೊನ್ನೆ ಮನೆಯಲ್ಲಿ ನೋಡಿದೆ. ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ್ದ ಸೈನಿಕನೊಬ್ಬ ಥಾಯ್ಲೆಂಡಿನಲ್ಲಿ ಹಾವು ಹಿಡಿದು, ದೋಣಿ ನಡೆಸಿ ಬದುಕುತ್ತಿರುತ್ತಾನೆ. ಬರ್ಮಾದ ಅಲ್ಪಸಂಖ್ಯಾತ ಜನಾಂಗವಾದ ಕರೆನ್ ಜನರ ಹಳ್ಳಿಗೆ ಔಷಧ ಒಯ್ಯುವ ಅಮೆರಿಕದ ಮಿಷನರಿಗಳನ್ನು ಸಾಲ್ವೀನ್ ನದಿಯ ದಾರಿಯಲ್ಲಿ ಬರ್ಮಾದೊಳಗೆ ಬಿಟ್ಟುಬರುತ್ತಾನೆ. ಅವರು ಅಲ್ಲಿನ ಸೈನ್ಯದ ಸೆರೆಗೆ ಸಿಕ್ಕಾಗ ಬಾಡಿಗೆ ಸೈನಿಕರ ಜೊತೆಗೂಡಿ ಬಿಡಿಸಿ ತರಲು ಹೊರಡುತ್ತಾನೆ. ಕಥೆ ಹಿಡಿಸಿತು. ಆದರೆ ಕೊನೆಯಲ್ಲಿ ಅವನು ವಾಹನದ ಮೇಲಿನ ಮಶಿನ್ ಗನ್ ಹಿಡಿದಾಗ ದೇಹಗಳು ಛಿದ್ರವಾಗುವುದನ್ನು ಅಷ್ಟು ಹೊತ್ತು ತೋರಿಸಿರುವುದನ್ನು ಕಂಡು ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಮಗ ಎರಡನೇ ಪಿಯುಸಿ ಓದುತ್ತಿದ್ದಾನೆ, ಸೈನ್ಯಕ್ಕೆ ಸೇರುವ ಆಸೆ ಅವನಿಗೆ. ಈ ಚಿತ್ರ ನೋಡಲೇಬೇಕೆಂದು ಹಠ ಹಿಡಿದಿದ್ದಾನೆ. ಈ ರಕ್ತಪಾತಕ್ಕೆ ಅರ್ಥವಿದೆಯೇ, ಅವನಿಗೆ ತೋರಿಸಬಹುದೇ, ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಮಾಜಿ ಸೈನಿಕ, ಹೊಳಲ್ಕೆರೆ)

ಸರ್, ನಾನು ಟ್ಯಾಂಕ್ ರೆಜಿಮೆಂಟಿನಲ್ಲಿದ್ದವನು. ನಮ್ಮ ಟಿ-72 ಟ್ಯಾಂಕಿನ ಮೇಲೂ 12.7 ಮಿಲಿಮೀಟರ್ ಮಶಿನ್ ಗನ್ ಇರುತ್ತದೆ. ಚಿತ್ರದಲ್ಲಿ ಅವನ ಕೈಗೆ ಸಿಗುವುದೂ ಆ ಅಳತೆಯದೇ. ವಿಮಾನ, ವಾಹನಗಳನ್ನು ಹೊಡೆಯುವ ಗುಂಡು ಅದು. ಮನುಷ್ಯನ ಮೈಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಚಿತ್ರದಲ್ಲಿ ತೀರಾ ಉತ್ಪ್ರೇಕ್ಷೆ ಮಾಡಿ ತೋರಿಸಿದ್ದಾರೆಂದು ನನಗೆ ಅನ್ನಿಸಲಿಲ್ಲ. ಸುಳ್ಳಿರುವುದು ಬೇರೆ ಕಡೆ. ಟ್ರಿಗರ್ ಒತ್ತಿಹಿಡಿದು ಅಷ್ಟು ಹೊತ್ತು ಹೊಡೆಯುತ್ತಲೇ ಇದ್ದರೆ ಬ್ಯಾರೆಲ್ ಕಾದು ಕೆಟ್ಟುಹೋಗುತ್ತದೆ. ಆದ್ದರಿಂದ ಸಣ್ಣ ಸಣ್ಣ ಬರ್ಸ್ಟ್‌ಗಳಲ್ಲಿ ಹೊಡೆದು, ನಡುವೆ ಬಿಡುವು ಕೊಟ್ಟು, ಗುಂಡು ಎಲ್ಲಿ ಬೀಳುತ್ತಿದೆ ಎಂದು ನೋಡಿ ಗುರಿ ತಿದ್ದಿಕೊಳ್ಳಬೇಕೆಂದು ಮೊದಲ ದಿನದಿಂದಲೇ ಕಲಿಸುತ್ತಾರೆ.

ನನ್ನ ಮಟ್ಟಿಗೆ ಚಿತ್ರದ ನಿಜವಾದ ಕಾರ್ಯಾಚರಣೆ ಕೊನೆಯ ಕಾಳಗವಲ್ಲ, ಅದಕ್ಕೂ ಮುಂಚೆ ಬರುವ ಮಳೆಯ ರಾತ್ರಿ. ಕತ್ತಲಲ್ಲಿ ಶಿಬಿರದೊಳಗೆ ನುಸುಳಿ, ಸದ್ದಿಲ್ಲದೆ ಬಂದಿಗಳನ್ನು ಹೊರತರುವುದಿದೆಯಲ್ಲ, ಒತ್ತೆಯಾಳುಗಳನ್ನು ಬಿಡಿಸುವುದೆಂದರೆ ಅದು. ಗುಂಡಿನ ಸದ್ದು ಕೇಳಿತೆಂದರೆ ಮೊದಲು ಸಾಯುವವರು ಬಂದಿಗಳೇ. ಸೈನ್ಯಕ್ಕೆ ಸೇರಬಯಸುವ ಹುಡುಗ ಆ ಇಪ್ಪತ್ತು ನಿಮಿಷವನ್ನು ಗಮನವಿಟ್ಟು ನೋಡಲಿ ಎಂದು ಮನಸಾರೆ ಹೇಳುತ್ತೇನೆ, ಆದರೆ ಹದಿನೆಂಟು ತುಂಬಿದ ಮೇಲೆ.

ಉತ್ತರ 2 (ಇತಿಹಾಸ ಉಪನ್ಯಾಸಕಿ, ದಾವಣಗೆರೆ)

ಚಿತ್ರದ ಕ್ರೌರ್ಯವನ್ನು ಬರ್ಮಾದ ಚರಿತ್ರೆಯಿಂದ ಬೇರ್ಪಡಿಸಿ ನೋಡಿದರೆ ಅನ್ಯಾಯವಾಗುತ್ತದೆ. 1948ರಲ್ಲಿ ಆ ದೇಶ ಸ್ವತಂತ್ರವಾಯಿತು, 1949ರಿಂದಲೇ ಕರೆನ್ ಜನರ ಸಶಸ್ತ್ರ ಹೋರಾಟ ನಡೆದಿದೆ, 1962ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಹಳ್ಳಿಗಳನ್ನು ಸುಡುವುದು, ಜನರನ್ನು ಬಲವಂತದ ದುಡಿಮೆಗೆ ಎಳೆದೊಯ್ಯುವುದು, ನೆಲಬಾಂಬು ಹೂಳುವುದು, ಇವೆಲ್ಲ ಆ ಗಡಿನಾಡಿನಲ್ಲಿ ನಿಜವಾಗಿ ನಡೆದವು. ಚಿತ್ರ ಶುರುವಾಗುವುದೂ ನೈಜ ಸುದ್ದಿ ದೃಶ್ಯಗಳಿಂದ. ಆಮೇಲೆ ಬರುವ ಗದ್ದೆಯ ದೃಶ್ಯದಲ್ಲಿ ಸೈನಿಕರು ನೀರು ನಿಂತ ಕೆಸರಿಗೆ ನೆಲಬಾಂಬು ಎಸೆದು, ಸೆರೆಸಿಕ್ಕ ರೈತರನ್ನು ಅದರ ಮೇಲೆ ಓಡಿಸಿ, ಯಾರು ಉಳಿಯುತ್ತಾರೆಂದು ಬಾಜಿ ಕಟ್ಟುತ್ತಾರೆ. ಭತ್ತ ಬೆಳೆಯುವ ಭದ್ರಾ ನಾಲೆಯ ಸೀಮೆಯವರಾದ ನಮಗೆ ಅದನ್ನು ನೋಡಿಯೂ ಕರುಳು ಹಿಂಡದಿದ್ದರೆ ಹೇಗೆ? ಬರ್ಮಾದ ಸೈನಿಕ ಸರ್ಕಾರ ಈ ಚಿತ್ರವನ್ನು ನಿಷೇಧಿಸಿತ್ತು ಎಂಬುದನ್ನೂ ನೆನೆಯಬೇಕು.

ನನ್ನ ಆಕ್ಷೇಪ ರಕ್ತದ ಬಗ್ಗೆ ಅಲ್ಲ. ಮಿಷನರಿಗಳಿಗೆ ಹೆಸರಿದೆ, ಮಾತಿದೆ, ತಮ್ಮತಮ್ಮಲ್ಲಿ ವಾದವಿದೆ. ಕರೆನ್ ಹಳ್ಳಿಗರಿಗೆ ಸಾಯುವುದಷ್ಟೇ ಕೆಲಸ. ಕೊನೆಯಲ್ಲಿ ಕರೆನ್ ಬಂಡುಕೋರರು ನೆರವಿಗೆ ಬರುತ್ತಾರಾದರೂ ಅವರಲ್ಲಿ ಒಬ್ಬನ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಯಾರ ಸಂಕಟಕ್ಕಾಗಿ ಇಷ್ಟು ರಕ್ತ ಹರಿಯಿತೋ ಅವರನ್ನೇ ಚಿತ್ರ ಪರಿಚಯಿಸದೆ ಬಿಟ್ಟಿತು.

ಉತ್ತರ 3 (ಚಿತ್ರದುರ್ಗ)

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಅದಕ್ಕೆ ನಮ್ಮ ದುರ್ಗದ ಒಂದು ಮಾತು ಸೇರಿಸುತ್ತೇನೆ. ಓಬವ್ವನ ಕಥೆಯಲ್ಲಿ ರಕ್ತವೇನು ಕಡಿಮೆಯೇ? ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದವಳು ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದನ್ನು ಕಂಡು, ತಲೆ ಹೊರಬಂದಂತೆಲ್ಲ ಒನಕೆಯಿಂದ ಹೊಡೆದು, ಹಿಂದಿನವನಿಗೆ ಅನುಮಾನ ಬಾರದಂತೆ ಹೆಣವನ್ನು ಪಕ್ಕಕ್ಕೆ ಎಳೆದುಹಾಕುತ್ತಾಳೆ. ಅಷ್ಟು ಘೋರವಾದ ಕಥೆಯನ್ನು ನಾವು ಮಕ್ಕಳಿಗೂ ಹೇಳುತ್ತೇವೆ, ಏಕೆಂದರೆ ಹೇಳುವವರು ಗಾಯದ ಮೇಲೆ ನಿಲ್ಲುವುದಿಲ್ಲ, ಊಟಕ್ಕೆ ಕೂತ ಗಂಡನನ್ನು ಎಬ್ಬಿಸದೆ ತಾನೇ ನಿಂತ ಹೆಣ್ಣಿನ ಮೇಲೆ ನಿಲ್ಲುತ್ತಾರೆ. ಈ ಚಿತ್ರದಲ್ಲಿಯೂ ಅಂಥದೊಂದು ಗಳಿಗೆ ಇದೆ. ಕಡಲ್ಗಳ್ಳರಂಥ ನದಿಗಳ್ಳರನ್ನು ರ‍್ಯಾಂಬೋ ಕೊಂದಾಗ, ಜೀವ ತೆಗೆಯುವುದು ಎಂದೂ ಸರಿಯಲ್ಲ ಎಂದು ಸಿಡಿದೇಳುವ ಮಿಷನರಿಯೇ ಕೊನೆಗೆ ಒಬ್ಬ ಸೈನಿಕನನ್ನು ಕಲ್ಲಿನಿಂದ ಜಜ್ಜಿ ಕೊಲ್ಲುತ್ತಾನೆ. ಅವನ ಮುಖದ ಮೇಲೆ ಕ್ಯಾಮೆರಾ ಇನ್ನಷ್ಟು ನಿಲ್ಲಬೇಕಿತ್ತು, ಆದರೆ ಮಶಿನ್ ಗನ್ನಿನ ಕಡೆಗೆ ಓಡಿಬಿಡುತ್ತದೆ.

ಮಗನಿಗೆ ಮೊದಲು ಈ ರ‍್ಯಾಂಬೋ ಸರಣಿಯ ಮೊದಲ ಚಿತ್ರವಾದ 1982ರ ‘ಫಸ್ಟ್ ಬ್ಲಡ್’ ತೋರಿಸಿ. ಅಲ್ಲಿ ಸಾಯುವವನು ಒಬ್ಬನೇ, ಹೆಲಿಕಾಪ್ಟರಿನಿಂದ ಬೀಳುವ ಪೊಲೀಸ್ ಅಧಿಕಾರಿ. ಕೊನೆಗೆ ಆ ಗಟ್ಟಿ ಸೈನಿಕ ತನ್ನ ಹಳೆಯ ಕರ್ನಲ್ ಎದುರು ಕುಸಿದು ಕೂತು, ಯುದ್ಧದಲ್ಲಿ ಸತ್ತ ಗೆಳೆಯನನ್ನು ನೆನೆದು ಮಗುವಿನಂತೆ ಅಳುತ್ತಾನೆ. ಸರಣಿಯಲ್ಲಿ ಆಮೇಲೆ ಬಂದ 1985ರದು ಮತ್ತು 1988ರದು ಎರಡೂ ಬಿಡಿಸಿ ತರುವ ಸಾಹಸದ ಕಥೆಗಳೇ, ಅವು ತಡವಾದರೂ ನಷ್ಟವಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಈ ಭಾನುವಾರ 1982ರ ಚಿತ್ರವನ್ನು ಮಗನ ಜೊತೆ ಕೂತು ನೋಡುತ್ತೇನೆ. ಹೊಳಲ್ಕೆರೆಯ ಸರ್, ಸೈನ್ಯದಿಂದ ಮರಳಿದವರ ಮನಸ್ಸಿನ ಬಗ್ಗೆ ಅವನು ಏನಾದರೂ ಕೇಳಿದರೆ ನಿಮ್ಮೊಡನೆ ಮಾತನಾಡಿಸಬಹುದೇ?

ಉತ್ತರ 1ರವರು

ಖಂಡಿತ ಮಾತನಾಡಿಸಿ ಸರ್. ಗನ್ನಿನ ಬಗ್ಗೆ ಎಷ್ಟು ಕೇಳಿದರೂ ಹೇಳುತ್ತೇನೆ, ಊರಿಗೆ ಬಂದ ಮೊದಲ ವರ್ಷ ನಿದ್ದೆ ಬಾರದೆ ಕಳೆದ ರಾತ್ರಿಗಳ ಬಗ್ಗೆಯೂ ಹೇಳುತ್ತೇನೆ.